ಬದುಕಿದವಳಿಗೆ ಇಟ್ಟ ಎಲೆ

ಆ ಮನೆಗೆ ಸೇರಿದ ಮೂರನೇ ದಿನ ನಾನು ಒಂದು ಚಮಚವನ್ನು ಹೂವಿನ ಕುಂಡದ ಮಣ್ಣಿನಲ್ಲಿ ಹೂಳಬೇಕಾಯಿತು. ಹಾಲು ಕದಡಿದ ಚಮಚವನ್ನು ಕೋಳಿ ಸಾರಿಗೆ ಅದ್ದಿದ್ದೆ, ಅಷ್ಟೇ. ಅಡುಗೆಮನೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದ ಯಜಮಾನರು ಕೂಗಿದ ಕೂಗಿಗೆ ಗ್ಯಾಸ್ ಸೋರಿತೇನೋ ಎಂದು ನಾನು ಒಲೆ ಆರಿಸಲು ಓಡಿದೆ. ಅವರು ಚಮಚ ತೋರಿಸಿದರು, ಬಾಲ್ಕನಿಯ ಕುಂಡ ತೋರಿಸಿದರು. ಹೂಳು ಎಂದು ಕೈಸನ್ನೆ ಮಾಡಿದರು. ಹೂಳಿದೆ. ಸಾರನ್ನು ಚೆಲ್ಲಿದೆ. ನನಗೆ ಆಗ ಹೀಬ್ರೂ ಭಾಷೆಯಲ್ಲಿ ಹತ್ತು ಮಾತು ಬರುತ್ತಿತ್ತು. ಅದರಲ್ಲಿ ಚಮಚ ಇರಲಿಲ್ಲ.

ಇದು ಇಸ್ರೇಲ್ ದೇಶದ ಹೈಫಾ ಪಟ್ಟಣ. ನಾನು ಸುಳ್ಯದ ಹತ್ತಿರ ಅರಂತೋಡಿನವನು, ಹೆಸರು ಲೋಕೇಶ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಊರಲ್ಲಿ ಪಿಕಪ್ ಓಡಿಸುತ್ತಿದ್ದೆ. ಇಲ್ಲಿ ಐದು ವರ್ಷದಿಂದ ಮೆಟಪೆಲ್ ಆಗಿದ್ದೇನೆ. ಮೆಟಪೆಲ್ ಎಂದರೆ ವಯಸ್ಸಾದವರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುವವನು. ನಾನು ನೋಡಿಕೊಳ್ಳುವುದು ಯಾಕೋವ್ ಎಂಬವರನ್ನು. ಎಂಬತ್ತೇಳು ವರ್ಷ, ಯಹೂದಿ, ಹೆಂಡತಿ ತೀರಿಕೊಂಡು ಹತ್ತು ವರ್ಷ. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಸಂಜೆ ಕೆಳಗಿನ ಬೆಂಚಿನವರೆಗೆ ನಡೆಸಿಕೊಂಡು ಹೋಗುವುದು ನನ್ನ ಕೆಲಸ. ಹೈಫಾ ಗುಡ್ಡದ ಮೇಲಿನ ಪಟ್ಟಣ. ಬಸ್ಸಿನ ತಿರುವುಗಳು ಸುಳ್ಯದಿಂದ ಮಡಿಕೇರಿಗೆ ಹತ್ತುವ ದಾರಿಯ ಹಾಗೆಯೇ ಇವೆ. ಆದರೆ ತಿರುವಿನಲ್ಲಿ ಕೆಳಗೆ ನೋಡಿದರೆ ಕಾಡಿಲ್ಲ, ಸಮುದ್ರ.

ನನಗೆ ಮಲಗಲು ಕೊಟ್ಟದ್ದು ಮಮಾದ್. ಇಲ್ಲಿನ ಹೊಸ ಮನೆಗಳಲ್ಲಿ ಬಾಂಬಿಗೆ ಹೆದರಿ ಒಂದು ಕೋಣೆಯನ್ನು ದಪ್ಪ ಕಾಂಕ್ರೀಟಿನಲ್ಲಿ ಕಟ್ಟುತ್ತಾರೆ. ಕಿಟಕಿಗೂ ಕಬ್ಬಿಣದ ಬಾಗಿಲು. ಅದೇ ಮಮಾದ್. ಮೊದಲ ತಿಂಗಳು ಅದರ ಒಳಗೆ ನನಗೆ ಉಸಿರು ಕಟ್ಟುತ್ತಿತ್ತು. ಊರಲ್ಲಿ ಮಳೆ ಬಂದದ್ದು, ನಾಯಿ ಬೊಗಳಿದ್ದು, ಪಕ್ಕದ ಮನೆಯವರು ಜಗಳ ಮಾಡಿದ್ದು ಎಲ್ಲ ಮಲಗಿದಲ್ಲಿಗೆ ಕೇಳುತ್ತದೆ. ಇಲ್ಲಿ ನನ್ನ ಹೊಟ್ಟೆಯ ಶಬ್ದ ಮಾತ್ರ.

ನಿಧಾನಕ್ಕೆ ಕಲಿತೆ. ಯಾಕೋವರ ಅಡುಗೆಮನೆಯಲ್ಲಿ ಎರಡು ಸಿಂಕು, ಎರಡು ಜೊತೆ ಪಾತ್ರೆ. ಮಾಂಸದ್ದು ಬಲಕ್ಕೆ, ಹಾಲಿನದು ಎಡಕ್ಕೆ. ಒಂದನ್ನೊಂದು ಮುಟ್ಟಬಾರದು. ನಮ್ಮಲ್ಲಿಯೂ ಕೆಲವು ಮನೆಗಳಲ್ಲಿ ಕೋಳಿ ಬೇಯಿಸುವ ಪಾತ್ರೆ ಹೊರಗಿನ ಕೊಟ್ಟಿಗೆಯಲ್ಲೇ ಇರುತ್ತದೆ, ಹಾಗಾಗಿ ತಲೆಗೆ ಹೋಗಲು ಕಷ್ಟವಾಗಲಿಲ್ಲ. ಆರು ತಿಂಗಳ ನಂತರ ಯಾಕೋವ್ ಯಾರಿಗೋ ಫೋನಿನಲ್ಲಿ, "ಲೋಕಿ ನನ್ನ ಸೊಸೆಗಿಂತ ಚೆನ್ನಾಗಿ ಅಡುಗೆಮನೆ ನೋಡ್ತಾನೆ" ಎಂದದ್ದು ಕೇಳಿಸಿತು. ಆ ದಿನ ನನಗೆ ಸಂತೋಷವಾಯಿತು. ಅವರ ಹೀಬ್ರೂ ಈಗ ನನ್ನ ಕಿವಿಗೆ ನಮ್ಮ ಊರಿನ ಮಾತಿನ ಹಾಗೆಯೇ ಬೀಳುತ್ತದೆ. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಸೊಸೆ ಎಂದರೆ ಲಿನ್. ಚೀನಾದ ದಕ್ಷಿಣದ ಚಹಾ ಬೆಳೆಯುವ ಒಂದು ಊರಿನವಳು. ಇಲ್ಲಿ ಕಟ್ಟಡ ಕಟ್ಟಲು ಬಂದ ಚೀನಾದ ಕೆಲಸದವರಿಗೂ ಇಲ್ಲಿನ ಮೇಸ್ತ್ರಿಗಳಿಗೂ ನಡುವೆ ಮಾತು ದಾಟಿಸುವ ಕೆಲಸಕ್ಕೆ ಬಂದಿದ್ದಳು. ಯಾಕೋವರ ಒಬ್ಬನೇ ಮಗ ಊರಿ ಆ ಕಟ್ಟಡದ ಇಂಜಿನಿಯರು. ಎರಡು ವರ್ಷ ಬೇರೆಯವರ ಮಾತು ದಾಟಿಸಿದ ಮೇಲೆ ಒಂದು ದಿನ ಊರಿ ಅವಳಿಗೆ, "ನಾಳೆ ಯಾರ ಮಾತನ್ನೂ ದಾಟಿಸಬೇಡ, ನಿನ್ನದೇ ಎಂತಾದರೂ ಹೇಳು" ಎಂದನಂತೆ. ಅವಳು "ನನಗೆ ಹಸಿವಾಗಿದೆ" ಎಂದಳಂತೆ. ಇದನ್ನು ಇಬ್ಬರೂ ಹೇಳಿ ಹೇಳಿ ನಗುತ್ತಾರೆ.

ಈ ದೇಶದಲ್ಲಿ ಯಹೂದಿಯನ್ನು ಬೇರೆ ಜಾತಿಯವರಿಗೆ ಮದುವೆ ಮಾಡಿಸುವವರಿಲ್ಲ. ವಿಮಾನದಲ್ಲಿ ಸೈಪ್ರಸ್ ಎಂಬ ದ್ವೀಪಕ್ಕೆ ಹೋಗಿ ಮದುವೆಯಾಗಿ ಬರುತ್ತಾರೆ. ಊರಿ, ಲಿನ್ ಹಾಗೆಯೇ ಮಾಡಿದರು. ಯಾಕೋವ್ ಮಗನ ಜೊತೆ ಮಾತು ಬಿಡಲಿಲ್ಲ. ಆದರೆ ಸೊಸೆಯ ಕೈಯಡುಗೆ ತಿನ್ನಲಿಲ್ಲ. ಅವಳು ಶುಕ್ರವಾರ ಸಂಜೆ ಬಂದರೆ ಕೂತುಕೊಳ್ಳಿ ಎನ್ನುತ್ತಾರೆ, ಹಣ್ಣು ಕೊಡುತ್ತಾರೆ. ಅವಳು ತಂದದ್ದನ್ನು ನನಗೆ ಕೊಡುತ್ತಾರೆ. ಸೊಸೆಯಾದವಳು ಮಾವನನ್ನು ಹೆಸರು ಹಿಡಿದು "ಯಾಕೋವ್" ಎಂದು ಕರೆಯುವುದಕ್ಕೆ ನಾನು ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. ಇಲ್ಲಿ ಅದು ತಪ್ಪಲ್ಲ. ತಪ್ಪು ಬೇರೆ ಕಡೆ ಇತ್ತು, ಅವಳು ಯಹೂದಿಯಲ್ಲ.

ಲಿನ್ ಅವರ ಧರ್ಮಕ್ಕೆ ಸೇರಲು ಎಂಟು ತಿಂಗಳು ಪಾಠಕ್ಕೂ ಹೋಗಿದ್ದಳು. ಯಾಕೆ ಬಿಟ್ಟೆ ಎಂದು ಕೇಳಿದೆ.

"ಸೇರಿದವರಿಗೆ ಹೊಸ ಹೆಸರು ಕೊಡ್ತಾರೆ ಲೋಕಿ. ಅಪ್ಪನ ಹೆಸರಿನ ಜಾಗದಲ್ಲಿ ಅಬ್ರಹಾಮ ಅಂತ ಬರೀತಾರೆ. ಅವರ ಮೂಲ ಪುರುಷ. ನಾನು ಹೇಳಿದೆ, ನನ್ನ ಅಪ್ಪನಿಗೆ ಹೆಸರು ಉಂಟು, ಬದುಕಿದ್ದಾರೆ, ಇವತ್ತು ಬೆಳಿಗ್ಗೆ ಫೋನಿನಲ್ಲಿ ಬೈದಿದ್ದಾರೆ. ಅವರನ್ನು ಹೇಗೆ ಅಳಿಸುದು?"

ನಾನು ನೆಲ ಒರೆಸುತ್ತಿದ್ದೆ. ತಲೆ ಎತ್ತಲಿಲ್ಲ. ನನ್ನ ತಂಗಿ ಗೀತಾಳ ಮದುವೆಯ ಹಿಂದಿನ ವಾರ ನೆಲ್ಯಾಡಿಯ ಇಗರ್ಜಿಯಲ್ಲಿ ಅವಳಿಗೂ ಹೊಸ ಹೆಸರು ಕೊಟ್ಟಿದ್ದರು. ಹೆಸರು ಬದಲಾದದ್ದು ಅಲ್ಲಿ. ಅವಳನ್ನು ಅಳಿಸಿದ್ದು ಅಲ್ಲಿ ಅಲ್ಲ. ಅಳಿಸಿದ್ದು ಯಾರು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಪಿಕಪ್ಪಿನಲ್ಲಿ ನೆಲ್ಯಾಡಿಯಿಂದ ರಬ್ಬರ್ ಶೀಟು ಸಾಗಿಸುತ್ತಿದ್ದೆ. ಅಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಮನೆಗಳು ಬಹಳ. ಅಂಥ ಒಂದು ಮನೆಯ ಶಾಜಿ ಲೋಡು ಮಾಡಲು ಬರುತ್ತಿದ್ದ. ನನಗೆ ಸ್ನೇಹಿತನಾದ. ನಾನೇ ಅವನನ್ನು ನಾಲ್ಕಾರು ಸಲ ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬಂದಿದ್ದೆ. ಬಡಿಸುತ್ತಿದ್ದವಳು ಗೀತಾ, ಯಾಕೆಂದರೆ ಅವ್ವ ಆಗಲೇ ತೀರಿಕೊಂಡಿದ್ದಳು. ಎರಡು ವರ್ಷ ಕಳೆದು ಗೀತಾ ಅವನ ಜೊತೆ ಹೋದಳು. ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ಮನೆಗೆ ಕರಕೊಂಡು ಬಂದದ್ದು ನೀನು." ಅಪ್ಪ ಜೋರು ಮಾಡಲಿಲ್ಲ. ಆದರೆ ಅಂಗಡಿ ಬದಿಯಲ್ಲಿ, ಮದುವೆ ಮನೆಗಳಲ್ಲಿ ಜನ ನನ್ನನ್ನು ಬಿಡಲಿಲ್ಲ. "ಎಂತ ಮಾರಾಯ, ಭಾವನಿಗೆ ಇವತ್ತು ಲೋಡು ಇಲ್ಲವಾ?" ಎನ್ನುತ್ತಿದ್ದರು.

ನಮ್ಮ ಅರೆಭಾಷೆ ಗೌಡರ ಮನೆಗಳಲ್ಲಿ ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಅಗೆಲು ಬಡಿಸುತ್ತೇವೆ. ನಮ್ಮಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯ ಹೊತ್ತಿಗೆ. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಸತ್ತವರು ಎಷ್ಟು ಮಂದಿಯೋ ಅಷ್ಟು ಬಾಳೆಎಲೆ ಹಾಕಿ, ಅನ್ನ, ಕೋಳಿ ಸಾರು, ರೊಟ್ಟಿ, ಸ್ವಲ್ಪ ಕಳ್ಳು ಇಟ್ಟು, ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಹೋಗಬಾರದು. ಆಮೇಲೆ ಕೆಮ್ಮಿ, ಬಾಗಿಲು ತೆರೆದು, ಅದನ್ನೇ ನಾವು ಉಣ್ಣುತ್ತೇವೆ.

ಗೀತಾ ಹೋದ ವರ್ಷದ ಆಟಿಯಲ್ಲಿ ಎಲೆ ಹಾಕಿದವನು ನಾನು. ಸತ್ತವರು ಏಳು ಮಂದಿ. ನಾನು ಎಂಟು ಎಲೆ ಹಾಕಿದೆ.

ಯಾರೂ ಹೇಳಿರಲಿಲ್ಲ. ಮನೆ ತುಂಬ ನೆಂಟರಿದ್ದರು. ನಾನು ಯಾರ ಕಡೆಯವನು ಎಂದು ಅವರೆಲ್ಲರಿಗೆ ತೋರಿಸಬೇಕಿತ್ತು. ಅಪ್ಪ ಬಂದು ಸಾಲು ನೋಡಿದರು. "ಇದು ಯಾರಿಗೆ?" ಎಂದರು.

"ಗೀತನಿಗೆ," ಎಂದೆ.

ಅಪ್ಪ ಬಾಗಿಲ ದಾರಂದ ಹಿಡಿದು ನಿಂತರು. ತೆಗೆ ಎನ್ನಲಿಲ್ಲ, ಇರಲಿ ಎನ್ನಲೂ ಇಲ್ಲ. ಹಿಂದಿನಿಂದ ನೆಂಟರು ನೋಡುತ್ತಿದ್ದರು. ಆ ದಿನ ಅಪ್ಪ ಊಟ ಮಾಡಲಿಲ್ಲ, ಹೊಟ್ಟೆ ಸರಿ ಇಲ್ಲ ಎಂದರು.

ಸುದ್ದಿ ನೆಲ್ಯಾಡಿಗೆ ಹೋಗಲು ಒಂದು ವಾರ ಸಾಕಾಯಿತು. ಗೀತಾ ಫೋನ್ ಮಾಡಿದಳು. "ಅಣ್ಣ, ನನಗೂ ಎಲೆ ಹಾಕಿದ್ರಂತೆ. ಅಪ್ಪ ಹೇಳಿದ್ದಲ್ವಾ?" ಎಂದು ಕೇಳಿದಳು. ಉತ್ತರವನ್ನು ಅವಳೇ ಕೊಟ್ಟಿದ್ದಳು. ನಾನು "ಹ್ಞೂಂ" ಎಂದೆ. "ನೀನಾದ್ರೂ ಬೇಡ ಅಂತ ಹೇಳಲಿಲ್ವಾ?" ಎಂದಳು. "ಹೇಳಿದೆ, ಕೇಳಲಿಲ್ಲ" ಎಂದೆ. ಅವಳು ಅತ್ತಳು, "ನೀನೊಬ್ಬ ಇದ್ದಿಯಲ್ಲ ಅಣ್ಣ" ಎಂದಳು.

ಬದುಕಿದ ಮಗಳಿಗೆ ಎಲೆ ಹಾಕಿದ ಮನುಷ್ಯ ಎಂಬ ಹೆಸರು ಅಪ್ಪನಿಗೆ ಬಂತು. ಅದು ಅವರ ಕಿವಿಗೂ ಬಿದ್ದಿತ್ತು. "ನಾನಲ್ಲ, ಮಗ" ಎಂದು ಅವರು ಒಬ್ಬರ ಹತ್ತಿರವೂ ಹೇಳಲಿಲ್ಲ. ಐದು ವರ್ಷದ ನಂತರ ತೀರಿಕೊಂಡರು. ಗೀತಾ ಮುಖ ನೋಡಲು ಬರಲಿಲ್ಲ. ಮಾರನೇ ವರ್ಷ ನನ್ನ ಪಿಕಪ್ ಹಾಳಾಗಿ ಕೂತಾಗ, ಇಸ್ರೇಲಿನಲ್ಲಿ ಕೆಲಸಕ್ಕಿದ್ದ ಶಾಜಿಯ ಚಿಕ್ಕಮ್ಮನ ಕಾಲು ಹಿಡಿದು ನನಗೆ ಈ ದಾರಿ ಮಾಡಿಸಿದವಳು ಗೀತಾ. ನಾನಿಲ್ಲಿ ತಿನ್ನುವ ಪ್ರತಿ ತುತ್ತೂ ಆ "ಹ್ಞೂಂ" ಮೇಲೆ ನಿಂತಿತ್ತು. ಊರು ಬಿಟ್ಟು ದೂರ ಬಂದರೆ ಇಂಥದ್ದು ಹಗುರಾಗುತ್ತದೆ ಎಂದುಕೊಂಡಿದ್ದೆ. ದೂರಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ವರ್ಷ ವಸಂತದಲ್ಲಿ ಸೈರನ್ ಕೂಗುವುದು ಹೆಚ್ಚಾಯಿತು. ಊರಿಯ ಮನೆ ಹಳೆಯ ಕಟ್ಟಡದಲ್ಲಿ, ಅಲ್ಲಿ ಮಮಾದ್ ಇಲ್ಲ. ಲಿನ್ ಆರು ತಿಂಗಳ ಗರ್ಭಿಣಿ. ಇಬ್ಬರೂ ಯಾಕೋವರ ಮನೆಗೆ ಬಂದು ನಿಂತರು. ಸೈರನ್ ಆದಾಗ ನಾಲ್ವರೂ ನನ್ನ ಕೋಣೆಯಲ್ಲಿ. ಯಾಕೋವ್ ನನ್ನ ಮಂಚದಲ್ಲಿ, ಲಿನ್ ಕುರ್ಚಿಯಲ್ಲಿ, ನಾನೂ ಊರಿಯೂ ನೆಲದಲ್ಲಿ. ಅಲ್ಲಿ ಮಾಡಲು ಬೇರೇನೂ ಇಲ್ಲದ್ದರಿಂದ ಹುಟ್ಟಲಿರುವ ಮಗುವಿನ ವಿಚಾರ ಬರುತ್ತಿತ್ತು.

ನಮ್ಮ ಕಡೆ ತುಳುವರಲ್ಲಿ ಬಹಳ ಜನಕ್ಕೆ ಬರಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ. ನಮ್ಮ ಗೌಡರಿಗೆ ಅಪ್ಪನಿಂದ. ಯಹೂದಿಗಳದು ತುಳುವರ ಹಾಗೆ. ತಾಯಿ ಯಹೂದಿಯಾದರೆ ಮಗು ಯಹೂದಿ. ಚೀನೀಯರದು ನಮ್ಮ ಹಾಗೆ, ಮಗು ಅಪ್ಪನ ಮನೆಯದು. ಹಾಗಾಗಿ ಯಾಕೋವರ ಲೆಕ್ಕದಲ್ಲಿ ಮಗು ಲಿನ್‌ಳ ಕಡೆಯದು. ಲಿನ್‌ಳ ಅಪ್ಪ ಫೋನಿನಲ್ಲಿ, "ಅದು ಅವರ ವಂಶದ ಕುಡಿ, ಅವರೇ ಹೆಸರಿಡಲಿ" ಎಂದಿದ್ದರು. ಎರಡೂ ಕಡೆಯವರು ಮರ್ಯಾದೆಯಿಂದಲೇ ಮಗುವನ್ನು ಆ ಕಡೆಗೆ ಸರಿಸುತ್ತಿದ್ದರು.

"ಯಾರಿಗೂ ಬೇಡದಿದ್ರೆ ಲೋಕಿಗೆ ಕೊಡುವಾ. ಅವನ ಲೆಕ್ಕ ಎಂತ ಕೇಳಿ," ಎಂದಳು ಲಿನ್.

ಊರಿ ನಕ್ಕ. ಯಾಕೋವ್ ನಗಲಿಲ್ಲ. "ಧರ್ಮದ ವಿಷಯದಲ್ಲಿ ರಬ್ಬಿಗಳು ಹೇಳುದನ್ನು ನಾನು ತಿದ್ದಲಿಕ್ಕೆ ಆಗುದಿಲ್ಲ," ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ನನ್ನ ಮೊಮ್ಮಗು ಅಂತ ಹೇಳಲಿಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ," ಎಂದರು. ಊರಿ ಲಿನ್‌ಳ ಕಾಲಿನ ಹೆಬ್ಬೆರಳು ಹಿಡಿದು ಎಳೆದ. ಅವಳು ಬಿಡಿಸಿಕೊಳ್ಳಲಿಲ್ಲ.

ಅದೇ ದಿನಗಳಲ್ಲಿ ಅವರ ಪೆಸಾಖ್ ಹಬ್ಬ ಬಂತು. ಅವರ ಹಿರಿಯರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಹೊರಟ ನೆನಪಿಗೆ ಒಂದು ವಾರ ಮಾಡುವ ಹಬ್ಬ. ಹುಳಿ ಬಂದ ಹಿಟ್ಟಿನ ಒಂದು ಚೂರೂ ಮನೆಯಲ್ಲಿ ಇರಬಾರದು. ನಾನು ಹಕ್ಕಿಯ ಗರಿಯಲ್ಲಿ ಕಪಾಟಿನ ಮೂಲೆ ಗುಡಿಸಿದೆ. ಯಾಕೋವರ ಪಂಗಡದವರಿಗೆ ಆ ವಾರ ಅನ್ನವೂ ನಿಷಿದ್ಧ. ಮೊದಲ ಸಂಜೆ ಊಟದ ನಡುವೆ ಹೊರಬಾಗಿಲು ತೆರೆದಿಡುತ್ತಾರೆ. ಒಬ್ಬ ಪ್ರವಾದಿ ಬರುತ್ತಾನೆ ಎಂದು ಅವನಿಗೆ ಒಂದು ಲೋಟ ದ್ರಾಕ್ಷಾರಸ ತುಂಬಿಸಿಡುತ್ತಾರೆ. ಬಾಗಿಲು ತೆರೆಯಲು ಯಾಕೋವ್ ನನಗೆ ಹೇಳಿದರು. ಕಣ್ಣಿಗೆ ಕಾಣದವರಿಗೆ ನಾವು ಬಾಗಿಲು ಮುಚ್ಚುತ್ತೇವೆ, ಇವರು ತೆರೆಯುತ್ತಾರೆ ಎಂದುಕೊಂಡೆ.

ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ ಬಾಲ್ಕನಿಗೆ ಬಟ್ಟೆ ಒಣಗಿಸಲು ಹೋದವನು ಅಲ್ಲೇ ನಿಂತೆ. ಕುಂಡಗಳ ನಡುವೆ ಒಂದು ಸ್ಟೂಲು. ಅದರ ಮೇಲೆ ಒಬ್ಬ ಹೆಂಗಸಿನ ಫೋಟೋ, ಮೂರು ಕಿತ್ತಳೆ, ಊದುಬತ್ತಿ, ಒಂದು ಬಟ್ಟಲು ಬಿಸಿ ಅನ್ನ. ಅನ್ನದಲ್ಲಿ ಚೀನೀಯರು ಊಟಕ್ಕೆ ಬಳಸುವ ಎರಡು ಕಡ್ಡಿ ನೆಟ್ಟಗೆ ಚುಚ್ಚಿತ್ತು. ಸತ್ತವರಿಗೆ ಮಾತ್ರ ಹಾಗೆ ಚುಚ್ಚುವುದಂತೆ. ಲಿನ್ ಪಕ್ಕದಲ್ಲಿ ನಿಂತಿದ್ದಳು.

"ನನ್ನ ಅಮ್ಮ," ಎಂದಳು. "ನಮ್ಮಲ್ಲಿ ಇವತ್ತು ಸಮಾಧಿಗೆ ಹೋಗುವ ದಿನ. ನನಗೆ ಹೋಗ್ಲಿಕ್ಕೆ ಆಗುದಿಲ್ಲ. ಅಮ್ಮನಿಗೆ ಹಂದಿ ಅಂದ್ರೆ ಪ್ರಾಣ. ಆದ್ರೆ ಈ ಮನೆಯಲ್ಲಿ ಹಂದಿ ಇಟ್ಟರೆ ಯಾಕೋವ್ ಸತ್ತುಹೋಗ್ತಾರೆ, ಮತ್ತೆ ಅವರಿಗೂ ಒಂದು ಬಟ್ಟಲು ಇಡಬೇಕಾಗ್ತದೆ."

ಹಿಂದಿನಿಂದ ವಾಕರಿನ ಶಬ್ದ ಬಂತು. ಯಾಕೋವ್ ಅನ್ನ ನೋಡಿದರು, ಊದುಬತ್ತಿ ನೋಡಿದರು. "ಈ ವಾರ! ನನ್ನ ಮನೆಯಲ್ಲಿ! ವಿಗ್ರಹಕ್ಕೆ ನೈವೇದ್ಯವಾ?" ಎಂದು ಕೂಗಿದರು. ಲಿನ್ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಊರಿ ಕೆಲಸಕ್ಕೆ ಹೋಗಿದ್ದ. "ಲೋಕಿ, ತೆಗೆದು ಬಿಸಾಡು," ಎಂದರು ಯಾಕೋವ್.

ಐದು ವರ್ಷದಲ್ಲಿ ಅವರು ಹೇಳಿದ್ದನ್ನು ನಾನು ಮಾಡದೆ ಇದ್ದದ್ದು ಅದೊಂದೇ ಸಲ. "ಆಗುದಿಲ್ಲ," ಎಂದೆ.

"ಎಂತ ಆಗುದಿಲ್ಲ?"

"ಅವರು ಉಂಡು ಆಗಲಿಲ್ಲ. ಸತ್ತವರಿಗೆ ಇಟ್ಟದ್ದನ್ನು ಅವರು ಉಣ್ಣುವ ಮೊದಲು ತೆಗೆಯಬಾರದು. ಇದು ವಿಗ್ರಹ ಅಲ್ಲ ಯಾಕೋವ್. ನಮ್ಮಲ್ಲಿಯೂ ಇಡ್ತೇವೆ."

ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಕೋಪ ಬಂದರೆ ಅವರು ಎದ್ದು ಬೀಳುವವರು, ಕೈ ಹಿಡಿದುಕೊಂಡು ಕೂರಬೇಕು. ಹಿಡಿದುಕೊಂಡೇ ಅಗೆಲಿನ ಕ್ರಮ ಹೇಳಿದೆ. ಯಾರು ಯಾರಿಗೆ ಇಡುತ್ತೀರಿ ಎಂದು ಕೇಳಿದರು. ನಾನು ಸಾಲು ಹೇಳುತ್ತಾ ಹೋದೆ. ಅಜ್ಜ, ಅಜ್ಜಿ, ದೊಡ್ಡಪ್ಪ, ಅವ್ವ, ಅಪ್ಪ. ಎಲೆ ಹಾಕಿದ ಕ್ರಮದಲ್ಲೇ ಬಾಯಿ ಹೋಗುತ್ತಿತ್ತು. "ತಂಗಿ," ಎಂದುಬಿಟ್ಟೆ.

"ಅಯ್ಯೋ. ಯಾವಾಗ ಹೋದಳು?"

"ಹೋಗಲಿಲ್ಲ. ಇದ್ದಾಳೆ."

ಆಮೇಲೆ ಎಲ್ಲವನ್ನೂ ಹೇಳಿದೆ. ನನ್ನ ಹೀಬ್ರೂವಿನಲ್ಲಿ ಸುಳ್ಳಿಗೆ ಸುತ್ತು ಹಾಕುವಷ್ಟು ಮಾತುಗಳಿಲ್ಲ. ನಾನು ಹಾಕಿದೆ, ಅಪ್ಪ ಎಂದೆ, ಅಪ್ಪ ಸತ್ತರು. ಮೂರು ಮಾತಿಗೆ ಮುಗಿಯಿತು.

ಆಗ ಯಾಕೋವ್ ತನ್ನ ಮನೆಯ ಕಥೆ ಹೇಳಿದರು. ಅವರು ಹುಟ್ಟಿದ್ದು ರೊಮೇನಿಯಾ ದೇಶದಲ್ಲಿ. ಅವರಿಗೊಬ್ಬಳು ಅಕ್ಕ ಇದ್ದಳು ಎಂದು ನನಗೆ ಆ ದಿನವೇ ಗೊತ್ತಾದದ್ದು. ಅಕ್ಕ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾದಳು. ಅವರಲ್ಲಿ ಯಾರಾದರೂ ಸತ್ತರೆ ಏಳು ದಿನ ತಗ್ಗಿನ ಸ್ಟೂಲಿನಲ್ಲಿ ಕೂತು ಶೋಕ ಆಚರಿಸುತ್ತಾರೆ, ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ. ಅವರ ಅಪ್ಪ ಬದುಕಿದ ಮಗಳಿಗೆ ಏಳು ದಿನ ಕೂತರು.

"ನನಗೆ ಹನ್ನೆರಡು ವರ್ಷ," ಎಂದರು ಯಾಕೋವ್. "ಕನ್ನಡಿಗೆ ಬಟ್ಟೆ ಹಾಕಿದ್ದು ನಾನು."

"ಅಪ್ಪ ಹೇಳಿದ್ದಲ್ವಾ?"

"ಅಪ್ಪ ಹೇಳಿದ್ದು. ಹಾಕಿದ ಕೈ ನಂದು. ಮತ್ತೆ ನಾವು ಈ ದೇಶಕ್ಕೆ ಬಂದೆವು. ನಾನು ಅವಳಿಗೆ ಒಂದು ಕಾಗದ ಬರೀಲಿಲ್ಲ. ಅವಳು ಯಾವಾಗ ಸತ್ತಳು, ಎಲ್ಲಿ ಸತ್ತಳು ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ದೀಪ ಹಚ್ಚಲಿಕ್ಕೆ ಸತ್ತ ದಿನ ಬೇಕಲ್ಲ, ಅದು ನನ್ನ ಹತ್ತಿರ ಇಲ್ಲ." ಕೈ ಬಿಡಿಸಿಕೊಂಡು ನನ್ನ ಎದೆಗೆ ಬೆರಳು ಚುಚ್ಚಿದರು. "ನಿನ್ನ ತಂಗಿ ಬದುಕಿದ್ದಾಳೆ. ನಿನ್ನ ಕಿಸೆಯಲ್ಲಿ ಫೋನ್ ಉಂಟು. ನಿನ್ನಷ್ಟು ಮೂರ್ಖನನ್ನು ನಾನು ನೋಡಲಿಲ್ಲ."

ಊದುಬತ್ತಿ ಮುಗಿಯುವವರೆಗೆ ಬಾಲ್ಕನಿಯ ಬಾಗಿಲು ಮುಚ್ಚಿಡು ಎಂದರು. ಮುಚ್ಚಿದೆ. ಅನ್ನದ ಬಟ್ಟಲನ್ನು ಅವರು ಯಾವ ಸಿಂಕಿನಲ್ಲೂ ತೊಳೆಯಲು ಬಿಡಲಿಲ್ಲ. ಬಾಲ್ಕನಿಯ ನಲ್ಲಿಯಲ್ಲಿ ತೊಳೆಸಿದರು. ಆಮೇಲೆ ಕಪಾಟಿನ ಮೇಲಿನ ಹಲಗೆ ಖಾಲಿ ಮಾಡಿಸಿ ಅಲ್ಲಿಡಿಸಿದರು. ಈಗ ಆ ಮನೆಯಲ್ಲಿ ಮಾಂಸದ ಪಾತ್ರೆ, ಹಾಲಿನ ಪಾತ್ರೆ, ಲಿನ್‌ಳ ಅಮ್ಮನ ಬಟ್ಟಲು ಎಂದು ಮೂರು ಜಾಗ ಇದೆ. ಸೊಸೆಯ ಹತ್ತಿರ ಕ್ಷಮೆ ಕೇಳಲಿಲ್ಲ. ಸಂಜೆ ಅವಳು ಸುಲಿದುಕೊಟ್ಟ ಕಿತ್ತಳೆಯನ್ನು ಅವಳ ಕೈಯಿಂದಲೇ ತೆಗೆದುಕೊಂಡು ತಿಂದರು. ಅದು ಅಮ್ಮನಿಗೆ ಇಟ್ಟಿದ್ದ ಕಿತ್ತಳೆಯೇ. ಅವರಿಗೂ ಅದು ಗೊತ್ತಿತ್ತು.

ಮರುದಿನ ನಾನು ಗೀತಾಳಿಗೆ ಫೋನ್ ಮಾಡಿದೆ. "ಎಲೆ ಹಾಕಿದ್ದು ಅಪ್ಪ ಅಲ್ಲ, ನಾನು. ಅಪ್ಪ ಹೇಳಿಯೇ ಇರಲಿಲ್ಲ," ಎಂದೆ. ಅವಳ ಮನೆಯ ಕುಕ್ಕರ್ ಎರಡು ಸಲ ಕೂಗುವುದು ಕೇಳಿತು.

"ಅಪ್ಪನ ಮುಖ ನೋಡಲಿಕ್ಕೆ ನಾನು ಹೋಗಲಿಲ್ಲ," ಎಂದಳು. "ನೀನು ಹ್ಞೂಂ ಅಂದದ್ದಕ್ಕೆ."

ಫೋನ್ ಇಟ್ಟಳು. ಮೂರು ತಿಂಗಳು ಎತ್ತಲಿಲ್ಲ.

ಆಟಿ ಹತ್ತಿರ ಬರುತ್ತಿತ್ತು. ಈಗ ಮನೆಯಲ್ಲಿರುವುದು ನನ್ನ ದೊಡ್ಡಪ್ಪನ ಮಗ ದಯಣ್ಣ. ಅಪ್ಪನದೂ ಸೇರಿ ಎಂಟು ಎಲೆ ಆಗಬೇಕು. ಆದರೆ ನಾನು ಕಲಿಸಿಕೊಟ್ಟ ಲೆಕ್ಕದಲ್ಲಿ ಅವನು ಪ್ರತಿ ವರ್ಷ ಒಂಬತ್ತು ಹಾಕುತ್ತಿದ್ದ. ಹನ್ನೊಂದು ವರ್ಷದಿಂದ ನನ್ನ ತಂಗಿಗೆ ಸತ್ತವರ ಸಾಲಿನಲ್ಲಿ ಊಟ ಬೀಳುತ್ತಿತ್ತು. ದಯಣ್ಣನಿಗೂ ನಿಜ ಹೇಳಿದೆ. ಈ ಸಲ ಒಂದು ಎಲೆ ಕಡಿಮೆ ಮಾಡು ಎಂದೆ.

"ಒಂದು ಹೆಚ್ಚು ಮಾಡುವ ಕ್ರಮ ಉಂಟು ಮಾರಾಯ, ಕಡಿಮೆ ಮಾಡುವ ಕ್ರಮ ಇಲ್ಲ," ಎಂದ. "ಸತ್ತವರು ಎದ್ದು ಬಂದದ್ದು ನಮ್ಮ ಕುಟುಂಬದಲ್ಲಿ ಯಾರಿಗೆ ಗೊತ್ತುಂಟು?"

"ಅವಳು ಸತ್ತೇ ಇಲ್ಲ ದಯಣ್ಣ."

"ಅದು ನಿನಗೆ ಆಗ ಗೊತ್ತಿರಲಿಲ್ವಾ?" ಎಂದ. ಆಮೇಲೆ ಅವನೇ, "ಹಾಕಿದ ಎಲೆಯನ್ನು ನಾನು ತೆಗೆಯುದಿಲ್ಲ. ಅವಳೇ ಬಂದು ನಂದು ಅಂತ ತೆಗೆದ್ರೆ ಬೇಡ ಅನ್ನುದಿಲ್ಲ. ಬರ್ತಾಳಾ ಕೇಳು," ಎಂದ.

ಗೀತಾಳಿಗೆ ಅಷ್ಟನ್ನೇ ಮೆಸೇಜು ಬರೆದೆ. ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ಲಿನ್‌ಗೆ ಗಂಡು ಮಗು ಹುಟ್ಟಿತು. ಎರಡು ಹೆಸರು ಇಟ್ಟರು, ಒಂದು ಹೀಬ್ರೂ, ಒಂದು ಚೀನೀ. ಚೀನೀ ಹೆಸರನ್ನು ಯಾಕೋವ್ ದಿನವೂ ತಪ್ಪಾಗಿ ಹೇಳುತ್ತಾರೆ, ಲಿನ್ ದಿನವೂ ತಿದ್ದುತ್ತಾಳೆ. ಮಗುವಿಗೆ ಮೂರು ವಾರವಾದಾಗ ಅರಂತೋಡಿನಲ್ಲಿ ಅಗೆಲು. ಅಲ್ಲಿ ದೀಪ ಹಚ್ಚುವ ಹೊತ್ತಿಗೆ ಇಲ್ಲಿ ಇನ್ನೂ ಸಂಜೆ ಬಿಸಿಲು. ನಾನು ಮಮಾದಿನಲ್ಲಿ ಕೂತು ವಿಡಿಯೋ ಕರೆ ಮಾಡಿದೆ. ದಯಣ್ಣ ಫೋನನ್ನು ಒಳಗಿನ ಕೋಣೆಯ ಗೋಡೆಯ ಗೂಡಿನಲ್ಲಿ ಒರಗಿಸಿಟ್ಟು ಎಲೆ ಹಾಕತೊಡಗಿದ. ಎಂಟು ಹಾಕಿದ. ಒಂಬತ್ತನೆಯದನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡಿದ. ನನಗೆ ಬಾಗಿಲು ಕಾಣುತ್ತಿರಲಿಲ್ಲ.

"ಅದು ನಂದಾ?" ಎಂಬ ಮಾತು ಕೇಳಿತು.

ಗೀತಾ ಒಳಗೆ ಬಂದಳು. ಹಿಂದೆ ಅವಳ ಮಗಳು ಅನಿಟಾ, ಒಂಬತ್ತು ವರ್ಷದವಳು. ಆ ಮನೆಯನ್ನು ಅವಳು ನೋಡಿದ್ದು ಅದೇ ಮೊದಲು. ಗೀತಾ ದಯಣ್ಣನ ಕೈಯಿಂದ ಎಲೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು. "ಎಲೆ ಕಡಿಮೆ ಮಾಡುದು ಬೇಡ ದಯಣ್ಣ, ಜಾಗ ಬದಲು ಮಾಡುವಾ. ಇದನ್ನು ಹೊರಗೆ ಊಟದ ಸಾಲಿನಲ್ಲಿ ಹಾಕ್ತೇನೆ. ಮಗಳು, ಇದು ಅಮ್ಮನ ಎಲೆ, ಹಿಡ್ಕೊ," ಎಂದಳು. ಆಮೇಲೆ ಎಂಟನೆಯ ಎಲೆಯ ಮುಂದೆ ಕೂತು, "ಅಪ್ಪನಿಗೆ ನಾನು ಬಡಿಸ್ತೇನೆ," ಎಂದಳು. ಬಡಿಸಿದಳು. ಗೂಡಿನ ಕಡೆ ಒಮ್ಮೆಯೂ ನೋಡಲಿಲ್ಲ.

ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚಿತು. ಫೋನನ್ನು ತೆಗೆಯಲು ದಯಣ್ಣ ಮರೆತಿದ್ದ.

ನಾನು ಕೂಗಲಿಲ್ಲ. ಆ ಹೊತ್ತಿನಲ್ಲಿ ಒಳಗಿನಿಂದ ಮಾತು ಕೇಳಬಾರದು. ಕರೆ ಕಡಿಯಬಹುದಿತ್ತು, ಕಡಿಯಲಿಲ್ಲ. ದೀಪ, ಎಂಟು ಎಲೆ, ಅನ್ನದ ಹಬೆ. ಬದುಕಿದ ಯಾರೂ ಇರಬಾರದ ಕೋಣೆಯಲ್ಲಿ ನಾನು ಇದ್ದೆ. ಈ ಕಡೆ ನನ್ನ ಕೋಣೆಯ ಕಬ್ಬಿಣದ ಕಿಟಕಿಯೂ ಮುಚ್ಚಿತ್ತು. ಅಪ್ಪನ ಎಲೆ ನೋಡಿ, ಶಬ್ದ ಹೊರಡದ ಹಾಗೆ, "ಅಪ್ಪ, ನಾನು ಅಂತ ಹೇಳಿದೆ ಅವಳಿಗೆ," ಎಂದೆ.

ಹೊರಗೆ ಯಾರೋ ಕೆಮ್ಮಿದರು. ಬಾಗಿಲು ತೆರೆಯಿತು. ಮೊದಲು ಬಂದವಳು ಗೀತಾ. ಗೂಡಿನಲ್ಲಿ ಬೆಳಕು ಕಂಡು ಹತ್ತಿರ ಬಂದಳು. ಮೂರು ತಿಂಗಳ ನಂತರ ಅವಳ ಮುಖ ನನ್ನ ಮುಖದ ಎದುರಿಗಿತ್ತು.

"ಹೇಗುಂಟು ಅಣ್ಣ ಒಳಗೆ?" ಎಂದಳು. "ನಾನು ಹನ್ನೊಂದು ವರ್ಷ ಕೂತಿದ್ದೆ ಅಲ್ಲಿ."

ಅವಳು ಫೋನನ್ನು ಹೊರಗೆ ತೆಗೆದುಕೊಂಡು ಹೋಗಿ ಊಟದ ಸಾಲಿನಲ್ಲಿ, ತನ್ನ ಎಲೆಯ ಪಕ್ಕ, ನೀರಿನ ಚೆಂಬಿಗೆ ಒರಗಿಸಿದಳು. ಸಾರು ಹಿಡಿದು ಬಂದ ದಯಣ್ಣ, "ಇವನಿಗೆ ಎಂತ ಬಡಿಸುದು?" ಎಂದು ಕೇಳಿದ.

"ಅವನಿಗೆ ಎಲೆ ಇಲ್ಲ," ಎಂದಳು ಗೀತಾ. "ಬರಲಿ. ಬಂದ ಮೇಲೆ ನೋಡುವಾ."

ಆಚೆ ಅಡುಗೆಮನೆಯಿಂದ ಲಿನ್ ನನ್ನನ್ನು ಊಟಕ್ಕೆ ಕರೆಯುತ್ತಿದ್ದಳು. ಯಾಕೋವ್ ಮಗುವಿನ ಹೆಸರನ್ನು ತಪ್ಪಾಗಿ ಹೇಳುತ್ತಿದ್ದರು. ಫೋನಿನಲ್ಲಿ ಅನಿಟಾ ರೊಟ್ಟಿ ಮುರಿಯುತ್ತಿದ್ದಳು. ಎರಡು ಕಡೆಯೂ ಊಟಕ್ಕೆ ಕೂತಿದ್ದರು. ನಾನು ಫೋನ್ ಹಿಡಿದುಕೊಂಡು ಮಮಾದಿನ ಬಾಗಿಲಲ್ಲಿ ನಿಂತಿದ್ದೆ.